ಹೆಜ್ಜಾರ್ಲೆ ಕೊಕ್ಕು ಎತ್ತಿದ ಮೇಲೆ ಏನು ಮಾಡುತ್ತದೆ ನೋಡಿ

ಪ್ರಶ್ನೆ: ನಾವು ಮೈಸೂರಿನವರು. ರಜೆಯ ದಿನ ಬೆಳಗ್ಗೆ ಮಗಳ ಜೊತೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್‌ಗಳು) ಕೊಕ್ಕು ಮುಳುಗಿಸುತ್ತವೆ, ಎತ್ತುತ್ತವೆ, ನೀರು ಸುರಿಯುತ್ತದೆ. ಮೀನು ಮಾತ್ರ ನಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಅವಕ್ಕೆ ಮೀನು ಸಿಗುತ್ತಿಲ್ಲವಾ, ಅಥವಾ ಚೀಲದಲ್ಲಿ ತುಂಬಿಕೊಂಡು ಮರಿಗಳಿಗೆ ಒಯ್ಯುತ್ತವಾ? ಈ ಹಕ್ಕಿಗಳು ಕೆರೆಯ ಮೀನೆಲ್ಲ ಖಾಲಿ ಮಾಡುತ್ತವೆ ಎಂದು ವಾಕಿಂಗ್ ಬರುವವರೊಬ್ಬರು ಹೇಳಿದರು, ನಿಜವಾ? ಏಳನೇ ಕ್ಲಾಸಿನ ಮಗಳು ಶಾಲೆಯ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡಿದ್ದಾಳೆ. ಹೇಗೆ ನೋಡಬೇಕು, ಏನು ಬರೆದುಕೊಳ್ಳಬೇಕು?

ಉತ್ತರ: ನಮಸ್ಕಾರ. ಮಗಳ ಆಯ್ಕೆ ತುಂಬಾ ಒಳ್ಳೆಯದು. ಹಕ್ಕಿಯ ಹೆಸರು, ಬಣ್ಣ, ಅಳತೆ ಬರೆದು ಮುಗಿಸುವ ಪ್ರಾಜೆಕ್ಟುಗಳೇ ಜಾಸ್ತಿ. ಅದು ಹೇಗೆ ಬದುಕುತ್ತದೆ ಎಂದು ನಿಂತು ನೋಡುವವರು ಕಡಿಮೆ. ಹೆಜ್ಜಾರ್ಲೆಯ ಊಟ ನೋಡುವುದಕ್ಕೆ ಮೈಸೂರಿನಷ್ಟು ಅನುಕೂಲದ ಊರೂ ಕಡಿಮೆಯೇ. ಕುಕ್ಕರಹಳ್ಳಿ, ಕಾರಂಜಿ ಎರಡೂ ಊರೊಳಗೇ ಇವೆ, ರಂಗನತಿಟ್ಟು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಮೊದಲ ಪ್ರಶ್ನೆಗೆ ನೇರ ಉತ್ತರ. ಮೀನು ಸಿಗುತ್ತಿದೆ. ಪ್ರತಿ ಸಲವೂ ಸಿಗುವುದಿಲ್ಲ, ಆದರೆ ಸಿಕ್ಕಾಗಲೂ ನಿಮಗೆ ಕಾಣುವುದಿಲ್ಲ, ಯಾಕೆಂದರೆ ನೀವು ನೋಡುತ್ತಿರುವುದು ಕೊಕ್ಕು ಮುಳುಗುವ ಕ್ಷಣವನ್ನು. ಎಲ್ಲರೂ ಅದನ್ನೇ ನೋಡುತ್ತಾರೆ, ಫೋಟೋ ತೆಗೆಯುವವರೂ ಅದಕ್ಕೇ ಕಾಯುತ್ತಾರೆ. ಕೊಕ್ಕು ಮೇಲೆ ಬಂತು, ನೀರು ಸುರಿಯಿತು ಎಂದ ಕೂಡಲೇ ಕಣ್ಣು ಬೇರೆ ಹಕ್ಕಿಯ ಕಡೆ ಹೋಗಿಬಿಡುತ್ತದೆ. ನಿಜವಾದ ವಿಷಯ ಶುರುವಾಗುವುದೇ ಆಮೇಲೆ. ಕೊಕ್ಕು ಎತ್ತಿದ ಮೇಲಿನ ಆ ಕೆಲವು ಸೆಕೆಂಡುಗಳನ್ನು ಬಿಡದೆ ನೋಡುವುದನ್ನು ಕಲಿತರೆ, ಯಾವ ಹಕ್ಕಿಗೆ ಮೀನು ಸಿಕ್ಕಿತು, ಯಾವುದಕ್ಕೆ ಇಲ್ಲ, ಸಿಕ್ಕಿದ್ದು ಚಿಕ್ಕದಾ ದೊಡ್ಡದಾ ಎಂದು ದಡದಲ್ಲಿ ನಿಂತೇ ಹೇಳಬಹುದು.

ಅದಕ್ಕೆ ಆ ಕೊಕ್ಕು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಗೊತ್ತಿರಬೇಕು. ನಮ್ಮ ಕೆರೆಗಳಲ್ಲಿ ಇರುವುದು ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಮೇಲಿನ ಕೊಕ್ಕಿನ ಅಂಚಿನುದ್ದಕ್ಕೂ ನೀಲಿಗಪ್ಪು ಚುಕ್ಕೆಗಳ ಸಾಲು ಕಾಣುತ್ತದೆ. ಕೊಕ್ಕೇ ಸುಮಾರು ಒಂದಡಿ ಉದ್ದ. ಕೆಳಗಿನ ದವಡೆ ಅಂದರೆ ಎರಡು ತೆಳು ಮೂಳೆಗಳು ಅಷ್ಟೇ, ಬುಡದಿಂದ ಹೊರಟು ತುದಿಯಲ್ಲಿ ಕೂಡುತ್ತವೆ. ಅವೆರಡರ ನಡುವೆ ಜೋತುಬಿದ್ದ ಚರ್ಮವೇ ಚೀಲ. ನೀರೊಳಗೆ ಬಾಯಿ ತೆರೆದಾಗ ಈ ಮೂಳೆಗಳು ಬಿಲ್ಲಿನ ಹಾಗೆ ಎರಡೂ ಕಡೆಗೆ ಬಾಗುತ್ತವೆ. ಸಪೂರವಾಗಿದ್ದ ಕೊಕ್ಕು ಒಂದೇ ಕ್ಷಣದಲ್ಲಿ ಅಗಲ ಬಾಯಿ ಆಗುತ್ತದೆ, ನೀರು ಮೀನು ಎರಡೂ ಒಟ್ಟಿಗೆ ಒಳಗೆ ನುಗ್ಗುತ್ತವೆ, ಮೇಲಿನ ಕೊಕ್ಕು ಮುಚ್ಚಳದಂತೆ ಕೂತುಬಿಡುತ್ತದೆ. ನಾಲಿಗೆ ತೀರಾ ಸಣ್ಣದು. ಇಷ್ಟು ದೊಡ್ಡ ಬಾಯಲ್ಲಿ ದೊಡ್ಡ ನಾಲಿಗೆ ಇದ್ದಿದ್ದರೆ ಅದೇ ಮೀನಿಗೆ ಅಡ್ಡ ಬರುತ್ತಿತ್ತು.

ಈಗ ಆ ಚೀಲದಲ್ಲಿ ಲೀಟರುಗಟ್ಟಲೆ ನೀರಿದೆ. ಅಮೆರಿಕದ ಕಂದು ಪೆಲಿಕನ್ನಿನ ಚೀಲಕ್ಕೆ ಹತ್ತು ಲೀಟರಿನಷ್ಟು ನೀರು ಹಿಡಿಸುತ್ತದೆ, ಹಕ್ಕಿಯ ತೂಕವೇ ಅದರ ಅರ್ಧದಷ್ಟು ಇರುವುದಿಲ್ಲ. ಹಾಗಾಗಿ ತಲೆಯನ್ನು ಒಂದೇ ಸಲ ಮೇಲೆತ್ತಲು ಆಗುವುದಿಲ್ಲ. ಮೊದಲು ನೀರು ಹೋಗಬೇಕು. ಇಲ್ಲೇ ಗಮನ ಕೊಡಿ.

ಮೀನು ಸಿಗದಿದ್ದರೆ ಹಕ್ಕಿಗೆ ಅದು ಕೂಡಲೇ ಗೊತ್ತಾಗುತ್ತದೆ. ಕೊಕ್ಕು ಸಡಿಲ ಬಿಟ್ಟು ನೀರನ್ನು ಚೆಲ್ಲಿ ಮುಂದಕ್ಕೆ ಈಜುತ್ತದೆ, ಅಥವಾ ಅಲ್ಲೇ ಮತ್ತೆ ಮುಳುಗಿಸುತ್ತದೆ. ಯಾವ ಎಚ್ಚರವೂ ಇರುವುದಿಲ್ಲ. ಮೀನು ಸಿಕ್ಕಿದ್ದರೆ ನಡವಳಿಕೆಯೇ ಬೇರೆ. ಕೊಕ್ಕನ್ನು ಬಿಗಿಯಾಗಿ ಮುಚ್ಚಿ, ತುದಿಯನ್ನು ಕೆಳಗೆ ಮಾಡಿ, ಗಲ್ಲವನ್ನು ಎದೆಗೆ ಒತ್ತಿಕೊಳ್ಳುತ್ತದೆ. ಚೀಲ ನಿಧಾನವಾಗಿ ಸಣ್ಣದಾಗುತ್ತಾ ಬರುತ್ತದೆ, ನೀರು ಅಂಚಿನ ಸಂದಿಯಿಂದ ಸೋರುತ್ತದೆ. ಒಳಗೆ ಮೀನು ಒದ್ದಾಡುತ್ತಿದ್ದರೆ ಚೀಲದ ಚರ್ಮ ಅಲ್ಲಲ್ಲಿ ಉಬ್ಬಿ ಇಳಿಯುವುದು ಕಾಣುತ್ತದೆ, ಬೆಳಗಿನ ಬಿಸಿಲು ಹಕ್ಕಿಯ ಹಿಂದಿನಿಂದ ಬೀಳುತ್ತಿದ್ದರೆ ಮೀನಿನ ನೆರಳೇ ಕಾಣಬಹುದು. ಕೆಲವೊಮ್ಮೆ ಇದು ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಅರ್ಧ ನಿಮಿಷವೂ ಹಿಡಿಯುತ್ತದೆ. ಆಮೇಲೆ ಕೊಕ್ಕು ಆಕಾಶ ನೋಡುತ್ತದೆ. ಕತ್ತು ನೆಟ್ಟಗಾಗುತ್ತದೆ, ಒಂದೆರಡು ಸಲ ಜಗ್ಗಿದಂತೆ ಮಾಡುತ್ತದೆ, ಕತ್ತಿನಲ್ಲಿ ಒಂದು ಉಬ್ಬು ಕೆಳಗಿಳಿಯುತ್ತದೆ. ಮಗಳಿಗೆ ಹೇಳಿ, ಲೆಕ್ಕ ಹಾಕಬೇಕಾದದ್ದು ಇದನ್ನು. ಕೊಕ್ಕು ಮೇಲಾದರೆ ಊಟ ಆಯಿತು. ಬೆರಳುದ್ದದ ಮೀನಾದರೆ ಕೊಕ್ಕು ಪೂರ್ತಿ ನೆಟ್ಟಗಾಗುವುದಿಲ್ಲ, ಸ್ವಲ್ಪ ಓರೆಯಾಗಿ ಎತ್ತಿ ಗುಳುಂ ಮಾಡಿ ಸುಮ್ಮನಾಗುತ್ತದೆ. ಅದನ್ನು ತಪ್ಪಿಸಿಕೊಳ್ಳುವುದು ಸುಲಭ, ಅದಕ್ಕೇ ಬಿಡದೆ ನೋಡಿ ಎಂದಿದ್ದು.

ದೊಡ್ಡ ಮೀನು ಹಿಡಿದಾಗ ಇನ್ನೊಂದು ವಿಷಯ ನೋಡಲು ಸಿಗುತ್ತದೆ. ಕೊಕ್ಕಿನ ತುದಿಯಲ್ಲಿ ಉಗುರಿನಂಥ ಸಣ್ಣ ಕೊಂಡಿ ಇದೆ, ಜಾರುವ ಮೀನನ್ನು ಹಿಡಿಯಲು ಅದು ಸಹಾಯಕ್ಕೆ ಬರುತ್ತದೆ. ಮೀನನ್ನು ಚೀಲದೊಳಗೇ ತಿರುಗಿಸಿ ತಲೆ ಮುಂದಾಗಿ ನುಂಗುತ್ತದೆ. ಜಿಲೇಬಿ ಮೀನಿನ (ತಿಲಾಪಿಯ) ಬೆನ್ನಿನ ಮುಳ್ಳು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ತಲೆ ಮೊದಲು ಹೋದರೆ ಮುಳ್ಳು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಬಾಲ ಮೊದಲು ಹೋದರೆ ಗಂಟಲಿಗೆ ಚುಚ್ಚುತ್ತದೆ. ಈ ತಿರುಗಿಸುವ ಕೆಲಸದಲ್ಲೇ ಎಷ್ಟೋ ಮೀನು ತಪ್ಪಿಸಿಕೊಂಡು ಹೋಗುತ್ತವೆ.

ಕೊಕ್ಕನ್ನು ಎದೆಗೆ ಒತ್ತಿಕೊಳ್ಳುವ ಈ ಭಂಗಿಯ ಬಗ್ಗೆ ಒಂದು ಮಾತು. ಪೆಲಿಕನ್ ತನ್ನ ಎದೆಯನ್ನು ಕುಕ್ಕಿ ರಕ್ತ ಕುಡಿಸಿ ಮರಿ ಸಾಕುತ್ತದೆ ಎಂದು ಯೂರೋಪಿನಲ್ಲಿ ಶತಮಾನಗಳ ಕಾಲ ನಂಬಿದ್ದರು, ಚರ್ಚುಗಳಲ್ಲಿ ಆ ಚಿತ್ರ ಈಗಲೂ ಕಾಣುತ್ತದೆ. ಆ ನಂಬಿಕೆ ಹುಟ್ಟಿದ್ದು ಈ ಭಂಗಿಯಿಂದಲೇ ಇರಬಹುದು ಎಂದು ಹೇಳುವವರಿದ್ದಾರೆ. ಪ್ರಾಜೆಕ್ಟಿನಲ್ಲಿ ಒಂದು ಚಿತ್ರಕ್ಕೆ ಜಾಗ ಇದ್ದರೆ ಮಗಳು ಇದನ್ನು ಸೇರಿಸಬಹುದು.

ಇನ್ನು ಚೀಲದಲ್ಲಿ ಮೀನು ಒಯ್ಯುವ ವಿಚಾರ. ಒಯ್ಯುವುದಿಲ್ಲ. ಚೀಲ ಇರುವುದು ಹಿಡಿಯುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಅದನ್ನು ಮೀನುಗಾರರ ಕೈಬಲೆ ಎಂದುಕೊಳ್ಳಿ, ಬುಟ್ಟಿ ಎಂದುಕೊಳ್ಳಬೇಡಿ. ಒಂದಡಿ ಕೊಕ್ಕಿನ ತುದಿಯಲ್ಲಿ ಮೀನಿನ ಭಾರ ಹೊತ್ತು ಹಾರಿದರೆ ಹಕ್ಕಿಯ ತೂಕವೆಲ್ಲ ಮುಂದಕ್ಕೆ ಬಿದ್ದುಬಿಡುತ್ತದೆ, ಅಲ್ವಾ? ಮೀನು ಅನ್ನನಾಳಕ್ಕೆ, ಹೊಟ್ಟೆಗೆ ಇಳಿದುಬಿಡುತ್ತದೆ, ಆ ಭಾರ ರೆಕ್ಕೆಗಳ ಕೆಳಗೆ ಮೈ ನಡುವಿಗೆ ಬರುತ್ತದೆ. ಗೂಡಿಗೆ ಹೋದಮೇಲೆ ಅದನ್ನೇ ವಾಪಸು ತೆಗೆಯುತ್ತದೆ. ಪುಟ್ಟ ಮರಿಗಳಿಗೆ ಅರ್ಧ ಕರಗಿದ ಗಂಜಿಯಂಥದ್ದು ಕೊಕ್ಕಿನಿಂದ ಇಳಿಯುತ್ತದೆ. ದೊಡ್ಡ ಮರಿಗಳು ಕಾಯುವುದಿಲ್ಲ, ತಲೆಯನ್ನೇ ಅಪ್ಪ ಅಮ್ಮನ ಗಂಟಲಿನೊಳಗೆ ತೂರಿಸಿ ತಿನ್ನುತ್ತವೆ. ಮೊದಲ ಸಲ ನೋಡಿದವರಿಗೆ ಮರಿಯನ್ನೇ ನುಂಗುತ್ತಿದೆಯೇನೋ ಎಂದು ಗಾಬರಿಯಾಗುತ್ತದೆ. ಕಾರಂಜಿ ಕೆರೆಯ ನಡುಗಡ್ಡೆ ಮರಗಳಲ್ಲಿ ಗೂಡುಗಳಿರುವ ಕಾಲಕ್ಕೆ, ಅಂದರೆ ಚಳಿಗಾಲದಿಂದ ಬೇಸಿಗೆಯವರೆಗೆ, ದೂರದಿಂದಲೇ ಇದನ್ನು ನೋಡಬಹುದು. ಕೊಕ್ಕರೆ ಬೆಳ್ಳೂರಿಗೆ ಹೋದರೆ ಇನ್ನೂ ಹತ್ತಿರ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೇ ಗೂಡು. ಮೀನು ಮಾತ್ರ ಊರಲ್ಲಿಲ್ಲ. ಶಿಂಷಾ ನದಿಗೆ, ಸುತ್ತಲಿನ ಕೆರೆಗಳಿಗೆ ಹೋಗಿ ಬರಬೇಕು. ಬಿಸಿಲೇರಿದ ಮೇಲೆ ಬಿಸಿಗಾಳಿಯ ಸುಳಿ ಹಿಡಿದು ರೆಕ್ಕೆ ಬಡಿಯದೆ ಎತ್ತರಕ್ಕೆ ಏರಿ ದೂರ ಹೋಗುವ ಹೆಜ್ಜಾರ್ಲೆಗಳು ಅಲ್ಲಿ ದಿನಾ ಕಾಣುತ್ತವೆ. ಮಧ್ಯಾಹ್ನ ಗೂಡಿನ ಮೇಲೆ ಕೂತ ಹಕ್ಕಿ ಬಾಯಿ ಸ್ವಲ್ಪ ತೆರೆದು ಚೀಲವನ್ನು ಪಟಪಟ ನಡುಗಿಸುತ್ತಿದ್ದರೆ ಅದು ಊಟವಲ್ಲ, ಸೆಕೆಗೆ ಮೈ ತಂಪು ಮಾಡಿಕೊಳ್ಳುವ ರೀತಿ. ಇದನ್ನು ಊಟದ ಲೆಕ್ಕಕ್ಕೆ ಸೇರಿಸಬೇಡಿ.

ಹೇಗೆ ನೋಡಬೇಕು ಎಂದು ಕೇಳಿದಿರಿ. ನಾನು ಹೇಳುವುದು ಒಂದೇ. ಒಂದು ಹಕ್ಕಿ ಆರಿಸಿಕೊಂಡು ಹತ್ತು ನಿಮಿಷ ಅದನ್ನೇ ನೋಡಿ. ಇಡೀ ಗುಂಪನ್ನು ನೋಡಿದರೆ ಎಲ್ಲೋ ಒಂದು ಕಡೆ ಏನೋ ನಡೆಯುತ್ತಲೇ ಇರುತ್ತದೆ, ನಿಮ್ಮ ಪುಸ್ತಕದಲ್ಲಿ ಬರೀ ರೋಚಕ ಘಟನೆಗಳು ತುಂಬುತ್ತವೆ, ಸುಮ್ಮನೆ ಈಜಿದ್ದು, ಖಾಲಿ ಎತ್ತಿದ್ದು ಯಾವುದೂ ದಾಖಲಾಗುವುದಿಲ್ಲ. ಒಬ್ಬರು ಕಣ್ಣು ತೆಗೆಯದೆ ನೋಡುತ್ತಾ ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಅಪ್ಪನೋ ಅಮ್ಮನೋ ಬರೆಯುವ ಕೆಲಸ ತೆಗೆದುಕೊಳ್ಳಲಿ, ನೋಡುವುದು ಮಗಳಿಗೇ ಇರಲಿ. "ಮುಳುಗಿಸಿತು, ಚೆಲ್ಲಿತು." "ಮುಳುಗಿಸಿತು, ಒತ್ತಿಕೊಂಡಿತು, ನುಂಗಿತು." ಇಷ್ಟೇ ಪದ ಸಾಕು. ನುಂಗಿದ ಮೀನು ಕಂಡಿದ್ದರೆ ಅದರ ಉದ್ದವನ್ನು ಕೊಕ್ಕಿಗೆ ಹೋಲಿಸಿ ಬರೆಯಿರಿ, ಕಾಲು ಕೊಕ್ಕು, ಅರ್ಧ ಕೊಕ್ಕು ಎಂದು. ಸೆಂಟಿಮೀಟರ್ ಲೆಕ್ಕ ದೂರದಿಂದ ಯಾರಿಗೂ ಸರಿಯಾಗಿ ಬರುವುದಿಲ್ಲ. ಜೊತೆಗೆ ಗಂಟೆ, ಮೋಡವಾ ಬಿಸಿಲಾ, ಗಾಳಿ ಇತ್ತಾ, ಹಕ್ಕಿ ದಡದ ಹತ್ತಿರವಾ ಕೆರೆಯ ನಡುವೆಯಾ, ಒಂಟಿಯಾ ಗುಂಪಾ.

ಹತ್ತು ನಿಮಿಷದಲ್ಲಿ ಒಂದು ಮೀನೂ ಸಿಗದೇ ಹೋದರೆ ಅದನ್ನೂ ಬರೆಯಬೇಕು. ಇದನ್ನು ಒತ್ತಿ ಹೇಳುತ್ತೇನೆ, ಮಕ್ಕಳು ಏನೂ ಆಗಲಿಲ್ಲ ಎಂದು ಆ ಪುಟವನ್ನೇ ಹರಿದುಹಾಕುತ್ತಾರೆ. ಎಷ್ಟು ಸಲ ಮುಳುಗಿಸಿದರೆ ಎಷ್ಟು ಮೀನು ಎಂದು ಗೊತ್ತಾಗುವುದೇ ಆ ಖಾಲಿ ಪುಟಗಳಿಂದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಆಸೆ ಇದ್ದರೆ ದೊಡ್ಡ ಹಕ್ಕಿ, ಎಳೆ ಹಕ್ಕಿ ಬೇರೆ ಬೇರೆ ಬರೆಯಿರಿ. ಎಳೆಯವು ಕಂದು ಬಣ್ಣ, ಕೊಕ್ಕಿನ ಚುಕ್ಕೆಗಳು ಇನ್ನೂ ಮೂಡಿರುವುದಿಲ್ಲ. ಕಂದು ಪೆಲಿಕನ್ನುಗಳನ್ನು ಅಧ್ಯಯನ ಮಾಡಿದವರು ಎಳೆ ಹಕ್ಕಿಗಳು ಜಾಸ್ತಿ ಸಲ ತಪ್ಪುತ್ತವೆ ಎಂದು ಕಂಡುಕೊಂಡಿದ್ದಾರೆ. ಅಂದರೆ ಇದು ಹುಟ್ಟಿನಿಂದ ಪೂರ್ತಿ ಬರುವ ವಿದ್ಯೆಯಲ್ಲ, ಮಾಡಿ ಮಾಡಿ ಪಳಗಬೇಕು. ಕುಕ್ಕರಹಳ್ಳಿಯಲ್ಲೂ ಹಾಗೇನಾ? ಹನ್ನೆರಡು ವರ್ಷದ ಹುಡುಗಿ ನಿಜವಾಗಿಯೂ ಕಂಡುಹಿಡಿಯಬಹುದಾದ ವಿಷಯ ಇದು.

ಸಾಧನಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಾಧಾರಣ ಬೈನಾಕ್ಯುಲರ್ ಸಾಕು. ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಹತ್ತಿರದ ಹಕ್ಕಿಗೆ ಬಹಳ ಉಪಯೋಗ, ಕೆಳದವಡೆ ಬಾಗುವುದನ್ನು ಅದರಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂತೆ ನಿಂತರೆ ಕೊಕ್ಕಿನ ಬಣ್ಣ ಚುಕ್ಕೆ ಕಾಣುತ್ತವೆ, ಎದುರಿಗಿದ್ದರೆ ಚೀಲದೊಳಗಿನ ಮೀನಿನ ನೆರಳು ಕಾಣುತ್ತದೆ. ಎರಡೂ ಬೇಕು, ಸ್ವಲ್ಪ ಹೊತ್ತು ಅಲ್ಲಿ, ಸ್ವಲ್ಪ ಹೊತ್ತು ಇಲ್ಲಿ. ಹಕ್ಕಿ ಊಟ ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿ ನಿಮ್ಮ ಕಡೆಗೇ ನೋಡಿತು ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ.

ಸಮಯ ಬೆಳಗ್ಗೆಯೇ ಒಳ್ಳೆಯದು. ನೀರಿನಲ್ಲಿ ಕರಗಿದ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ, ರಾತ್ರಿಯಿಡೀ ಪಾಚಿ ಗಿಡಗಳೂ ಉಸಿರಾಡಿ ಅದನ್ನು ಬಳಸಿಕೊಂಡಿರುತ್ತವೆ. ಕೊಳಚೆ ಸೇರುವ ಕೆರೆಗಳಲ್ಲಿ ಇದು ಇನ್ನೂ ಹೆಚ್ಚು, ಮೀನು ಬಾಯಿ ಬಿಡುತ್ತಾ ಮೇಲಕ್ಕೆ ಬರುತ್ತವೆ. ಹೆಜ್ಜಾರ್ಲೆಗೆ ಬೇಕಾದದ್ದು ಅದೇ. ಅದು ಮುಳುಗು ಹಾಕುವ ಹಕ್ಕಿಯಲ್ಲ. ಚರ್ಮದ ಕೆಳಗೆ ಗಾಳಿಯ ಚೀಲಗಳಿವೆ, ನೀರಿನ ಮೇಲೆ ತೇಲಿಕೊಂಡೇ ಇರುತ್ತದೆ. ಕೊಕ್ಕು, ಕತ್ತು ಎಷ್ಟು ಉದ್ದ ಹೋಗುತ್ತದೋ ಅಷ್ಟೇ ಅದಕ್ಕೆ ಎಟುಕುವುದು. ಟಿ.ವಿ.ಯಲ್ಲಿ ಎತ್ತರದಿಂದ ಸಮುದ್ರಕ್ಕೆ ಧುಮುಕುವ ಪೆಲಿಕನ್ ನೋಡಿರುತ್ತೀರಿ, ಅದು ಅಮೆರಿಕದ ಕಂದು ಜಾತಿ. ನಮ್ಮದು ಹಾಗೆ ಮಾಡುವುದಿಲ್ಲ, ಅದನ್ನು ಕಾಯುತ್ತಾ ಕೂರಬೇಡಿ.

ಹಾಗಾದರೆ ಆಳದ ಮೀನು? ಅದಕ್ಕೆ ನೀರುಕಾಗೆಗಳಿವೆ. ಕಪ್ಪು ನೀರುಕಾಗೆಗಳ ಗುಂಪು ಮುಳುಗಿ ಮೀನು ಅಟ್ಟುವಾಗ ಅಡಿಯಲ್ಲಿದ್ದ ಮೀನು ಗಾಬರಿಯಿಂದ ಮೇಲೆ ಬರುತ್ತವೆ, ಅಲ್ಲಿಗೆ ಹೆಜ್ಜಾರ್ಲೆ ಈಜಿ ಬರುತ್ತದೆ. ಬೆಳ್ಳಕ್ಕಿಗಳೂ ಸೇರುತ್ತವೆ. ಇಂಥ ಗುಂಪು ಕಂಡ ದಿನ ಬೇರೇನೂ ನೋಡಬೇಡಿ, ಅದರ ಎದುರಿಗೇ ಕೂತುಬಿಡಿ. ಯಾರು ಮೊದಲು ಬಂದರು, ಯಾರು ಯಾರ ಹಿಂದೆ ಹೋದರು, ಯಾರ ಬಾಯಿಂದ ಯಾರು ಕಿತ್ತುಕೊಂಡರು, ಎಲ್ಲವನ್ನೂ ಬರೆಯಿರಿ. ಹೆಜ್ಜಾರ್ಲೆ ನೀರು ಸೋರಿಸುತ್ತಾ ನಿಂತಿರುವ ಹೊತ್ತಿನಲ್ಲೇ ಅದರ ಮೀನಿಗೆ ಬೇರೆ ಹಕ್ಕಿಗಳು ಹೊಂಚು ಹಾಕುವುದು. ಪರದೇಶದ ಬಿಳಿ ಪೆಲಿಕನ್ನುಗಳು ದೊಡ್ಡ ದೊಡ್ಡ ಗುಂಪಾಗಿ ಅರ್ಧಚಂದ್ರಾಕಾರದಲ್ಲಿ ಈಜಿ ಎಲ್ಲವೂ ಒಟ್ಟಿಗೆ ಕೊಕ್ಕು ಮುಳುಗಿಸುತ್ತವೆ. ನಮ್ಮ ಹೆಜ್ಜಾರ್ಲೆ ಹೆಚ್ಚಾಗಿ ಒಂಟಿ, ಇಲ್ಲವೇ ನಾಲ್ಕಾರು ಸೇರಿದ ಚಿಕ್ಕ ಗುಂಪು. ಆದರೂ ಕೆಲವು ಸಲ ಸಾಲುಗಟ್ಟಿ ಮೀನನ್ನು ದಡದ ಕಡೆಗೆ, ನೀರು ಕಡಿಮೆ ಇರುವ ಕಡೆಗೆ ಅಟ್ಟುತ್ತವೆ. ನೋಡಲು ಸಿಕ್ಕರೆ ಎಷ್ಟು ಹಕ್ಕಿಗಳಿದ್ದವು, ಒಟ್ಟಿಗೆ ಮುಳುಗಿಸಿದವಾ ಇಲ್ಲ ಒಂದಾದ ಮೇಲೆ ಒಂದಾ ಎಂದು ಗಮನಿಸಿ.

ಅದೇ ಕೆರೆಯ ಅಂಚಿನಲ್ಲಿ ಬಣ್ಣದ ಕೊಕ್ಕರೆ ಇದ್ದರೆ ಒಂದು ಹತ್ತು ನಿಮಿಷ ಅದಕ್ಕೂ ಕೊಡಿ. ಅದು ಕಣ್ಣನ್ನು ನಂಬುವುದೇ ಇಲ್ಲ. ಮೊಣಕಾಲು ನೀರಿನಲ್ಲಿ ನಿಂತು, ಅರ್ಧ ತೆರೆದ ಕೊಕ್ಕನ್ನು ಮುಳುಗಿಸಿ ಆ ಕಡೆ ಈ ಕಡೆ ಆಡಿಸುತ್ತಾ ಹೋಗುತ್ತದೆ, ಕಾಲಿನಿಂದ ಕೆಸರು ಕಲಕುತ್ತದೆ, ಏನಾದರೂ ತಗುಲಿದರೆ ತಟ್ಟನೆ ಮುಚ್ಚುತ್ತದೆ. ಒಂದೇ ಮರದಲ್ಲಿ ಗೂಡು ಕಟ್ಟುವ ಎರಡು ದೊಡ್ಡ ಹಕ್ಕಿಗಳು ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಹೇಗೆ ಉಣ್ಣುತ್ತವೆ ಎನ್ನುವುದಕ್ಕೆ ಇಷ್ಟು ನೋಡಿದರೆ ಸಾಕು.

ಈಗ ಆ ವಾಕಿಂಗ್ ಸ್ನೇಹಿತರ ಮಾತು. ದೊಡ್ಡ ಹೆಜ್ಜಾರ್ಲೆಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆ.ಜಿ. ಮೀನು ಬೇಕು. ಮರಿ ಇದ್ದಾಗ ಜಾಸ್ತಿ. ಸಣ್ಣ ಕೆರೆಯೊಂದಕ್ಕೆ ಮೀನುಮರಿ ಬಿಟ್ಟ ಹೊಸದರಲ್ಲಿ ಹತ್ತಾರು ಹೆಜ್ಜಾರ್ಲೆ ಬಂದು ಕೂತರೆ ಟೆಂಡರ್ ಹಿಡಿದವರಿಗೆ ನಷ್ಟ ಆಗುತ್ತದೆ, ಅದನ್ನು ಇಲ್ಲ ಎನ್ನುವುದು ಸರಿಯಲ್ಲ. ಆದರೆ ಕೆರೆ ಖಾಲಿ ಮಾಡುತ್ತವೆ ಎನ್ನುವುದು ಸುಳ್ಳು. ಅವು ತಿನ್ನುವುದು ನೀರಿನ ಮೇಲ್ಭಾಗದಲ್ಲಿ ಈಜುವ ಮೀನು, ಅದರಲ್ಲಿ ಯಾರೂ ಬಿಡದೆ ತಾನಾಗಿ ತುಂಬಿಕೊಂಡ ಜಿಲೇಬಿ ಮೀನೂ ಸಾಕಷ್ಟು. ಮೀನು ಕಡಿಮೆಯಾದರೆ ಮುಳುಗಿಸಿ ಮುಳುಗಿಸಿ ದಣಿಯುವುದು ಲಾಭವಿಲ್ಲದ ಕೆಲಸ, ಹಕ್ಕಿಯೇ ಎದ್ದು ಬೇರೆ ಕೆರೆಗೆ ಹೋಗುತ್ತದೆ. ಕೆರೆಯಲ್ಲಿ ಮೀನು ಸತ್ತು ತೇಲುವುದಕ್ಕೆ ಕೊಳಚೆ ಕಾರಣ, ಹೆಜ್ಜಾರ್ಲೆ ಅಲ್ಲ. ಕೊಕ್ಕರೆ ಬೆಳ್ಳೂರಿನವರು ಗೂಡಿನ ಮರಗಳ ಕೆಳಗೆ ಬೀಳುವ ಹಿಕ್ಕೆಯನ್ನು ಮಣ್ಣಿಗೆ ಬೆರೆಸಿ ಹೊಲಕ್ಕೆ ಹಾಕುತ್ತಾ ಬಂದಿದ್ದಾರೆ. ಕೆರೆಯಲ್ಲಿ ತಿಂದ ಮೀನಿನ ಒಂದು ಪಾಲು ಹಾಗೆ ಹೊಲ ಸೇರುತ್ತದೆ.

ಮೀನಿನ ಗುಣ ಕೆಟ್ಟರೆ ಏನಾಗುತ್ತದೆ ಎನ್ನುವುದನ್ನೂ ಅದೇ ಊರು ನೋಡಿದೆ. 2017ರ ಕೊನೆಗೆ ಶುರುವಾಗಿ 2018ರ ಮೊದಲ ತಿಂಗಳುಗಳವರೆಗೂ ಅಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ತುಂಬಿದ್ದವು. ಈ ಹುಳುಗಳ ಮರಿಗಳು ಇರುವುದು ಮೀನಿನೊಳಗೆ, ಹಕ್ಕಿಗೆ ಬರುವುದು ಊಟದಿಂದಲೇ. ಅದಕ್ಕೇ ಹಕ್ಕಿ ಎಷ್ಟು ತಿಂದಿತು ಎನ್ನುವುದರಷ್ಟೇ ಎಲ್ಲಿ ತಿಂದಿತು ಎಂದು ಬರೆಯುವುದೂ ಮುಖ್ಯ. ನೀವು ನೋಡಿದ್ದನ್ನು ಹಕ್ಕಿ ನೋಡುವವರು ದಾಖಲೆ ಹಾಕುವ ಇ-ಬರ್ಡ್ ಜಾಲತಾಣದಲ್ಲಿ ದಿನಾಂಕ, ಜಾಗ, ಸಂಖ್ಯೆ ಹಾಕಿ ಸೇರಿಸಿ, ಊಟದ ವಿವರವನ್ನು ಟಿಪ್ಪಣಿಯ ಜಾಗದಲ್ಲಿ ಬರೆಯಿರಿ. ಮುಂದೆ ಯಾರಿಗೋ ಬೇಕಾಗುತ್ತದೆ.

ಮಗಳಿಗೆ ಎರಡು ವಿಷಯ ಹೇಳಿಬಿಡಿ. ಬ್ರೆಡ್ಡು, ಪುರಿ, ಏನನ್ನೂ ನೀರಿಗೆ ಹಾಕುವುದು ಬೇಡ. ಹೆಜ್ಜಾರ್ಲೆ ಅದನ್ನು ತಿನ್ನುವ ಹಕ್ಕಿಯಲ್ಲ, ಅದು ಕೊಳೆತು ನೀರು ಕೆಡುತ್ತದೆ, ನೀವು ನೋಡಲು ಬಂದ ನಡವಳಿಕೆಯೂ ಬದಲಾಗುತ್ತದೆ. ಇನ್ನೊಂದು, ಯಾವುದಾದರೂ ಹಕ್ಕಿಯ ಚೀಲ ಹರಿದು ನೀರು ನಿಲ್ಲದೆ ಸೋರುತ್ತಿದ್ದರೆ, ಅಥವಾ ಕೊಕ್ಕಿಗೆ ನೈಲಾನ್ ದಾರ, ಬಲೆ ಸುತ್ತಿಕೊಂಡಿದ್ದರೆ ಫೋಟೋ ತೆಗೆದು ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಿ. ಹರಿದ ಚೀಲದಲ್ಲಿ ಮೀನು ನಿಲ್ಲುವುದಿಲ್ಲ, ಅಂಥ ಹಕ್ಕಿ ನೀರಿನ ಮೇಲೇ ಇದ್ದು ಉಪವಾಸ ಸಾಯುತ್ತದೆ. ನೀವೇ ಹಿಡಿಯಲು ಹೋಗಬೇಡಿ, ಬೆದರಿ ರೆಕ್ಕೆ ಬಡಿದರೆ ದಾರ ಇನ್ನೂ ಬಿಗಿಯುತ್ತದೆ. ಹೊಲಿಗೆ ಹಾಕಿ ಸರಿಮಾಡಿದ ಚೀಲ ವಾಸಿಯಾಗುತ್ತದೆ, ಬೇಗ ಗೊತ್ತಾಗಬೇಕು ಅಷ್ಟೇ. ದಿನಾ ಕೆರೆ ಸುತ್ತುವ ನಿಮ್ಮಂಥವರಿಗೇ ಅದು ಮೊದಲು ಕಾಣುವುದು.